ಪದ್ಮವ್ವತ್ತೆಯ ವಂಶಾವಳಿಗೆ ನಾನು ನನ್ನ ಹೆಸರು ಹಾಕಿಕೊಂಡದ್ದು

ಬೇರೆಯವರ ಕೊಡೆ ಒಯ್ದರೆ ನನಗೆ ನಾಚಿಕೆಯಾಗುತ್ತದೆ. ಬೇರೆಯವರ ಬರಹ ಒಯ್ದರೆ ಹೆಮ್ಮೆಯಾಗುತ್ತಿತ್ತು. ಈ ರೋಗ ನನಗೆ ವಾಸಿಯಾದದ್ದು ಗೋಕಾಕದಲ್ಲಿ ಮಾಸ್ತರನಾಗಿದ್ದಾಗ, ಕುಲಗೋಡದ ನಮ್ಮ ಸೋದರತ್ತೆ ಪದ್ಮವ್ವನ ಕೈಯಲ್ಲಿ.

ಅತ್ತೆ ಶಾಸ್ತ್ರ ಓದುವುದಕ್ಕೆಂದು ಅಕ್ಷರ ಕಲಿತವಳು. ಒಮ್ಮೆ ಬಾಜೂ ಮನೆಯ ಅಂಗಳದಲ್ಲಿ ವಂಶಾವಳಿ ಹೇಳುವ ಹೆಳವನೊಬ್ಬ ಆ ಮನೆಯ ಏಳು ತಲೆಮಾರಿನ ಗಂಡಸರ ಹೆಸರು ಒಪ್ಪಿಸುವುದನ್ನು ಕೇಳಿ, "ಇಷ್ಟ ಗಂಡಸರು ಹುಟ್ಟ್ಯಾರಂದ್ರ ಹಡೆದವರೂ ಯಾರೋ ಇರಬೇಕಲ್ಲೋ ತಮ್ಮಾ?" ಎಂದಳಂತೆ. ಅಂದಿನಿಂದ ನಮ್ಮ ಮನೆತನದ ಹೆಂಗಸರ ಹೆಸರು ಕೂಡಿಸಲು ಹೊರಟಳು. ಮದುವೆಗೆ ಹೋಗಲಿ, ಬಾಣಂತನಕ್ಕೆ ಹೋಗಲಿ, ಮುದುಕಿಯರ ಜೊತೆ ಜೋಳ ಹಸನು ಮಾಡುತ್ತ ಕೂರುತ್ತಿದ್ದಳು. ಮೊಮ್ಮಗಳ ಹೆಸರು ಮರೆತ ಅಜ್ಜಿಗೂ ನಾದಿನಿಯ ಜಗಳ ಮರೆತಿರುವುದಿಲ್ಲವೆಂದು ಕಂಡುಹಿಡಿದು, ಜಗಳದಿಂದಲೇ ಮಾತು ತೆಗೆಯುತ್ತಿದ್ದಳು. ಹೀಗೆ ಹನ್ನೆರಡು ವರ್ಷದಲ್ಲಿ ಒಂದು ದಪ್ಪ ವಹಿ ತುಂಬಿತು.

ಹಾಳೆ ಹರಿಯತೊಡಗಿದಾಗ, "ನಿನ್ನ ಅಕ್ಷರ ಚಂದ ಅದಾವು, ಒಂದು ನಕಲು ತಗದು ಕೊಡಪಾ" ಎಂದು ನನಗೆ ಕೊಟ್ಟಳು. ನಕಲು ಮಾಡುತ್ತ ಮಾಡುತ್ತ ಇದೆಲ್ಲ ನಾನೇ ಹುಡುಕಿದ್ದೆಂಬ ಭಾವ ನನಗೆ ಬಂದುಬಿಟ್ಟಿತು. ನಮ್ಮ ಬಳಗದವನೊಬ್ಬನ ಹೆಂಡತಿಯ ಜಾಗ ಖಾಲಿ ಇತ್ತು. ಪಾಪ, ಅತ್ತೆಗೆ ಸಿಕ್ಕಿಲ್ಲವೆಂದು ಮರುಗಿ, ಅಲ್ಲಿ ಇಲ್ಲಿ ವಿಚಾರಿಸಿ 'ಚಂದ್ರವ್ವ' ಎಂದು ತುಂಬಿದೆ. ಅಚ್ಚು ಹಾಕಿಸಿದೆ. 'ಸಂಶೋಧಕರು' ಎಂದು ಮೇಲೆ ನನ್ನ ಹೆಸರು. ಹುಕ್ಕೇರಿಯ ಮದುವೆಯೊಂದರಲ್ಲಿ ಎಲೆ ಅಡಿಕೆಯ ಜೊತೆ ಎಲ್ಲರಿಗೂ ಹಂಚಿದೆ.

ಅತ್ತೆ ಅಲ್ಲೇ ಕುಳಿತು ಓದಿದಳು. ಹೊಗಳುತ್ತಾಳೆಂದು ಹತ್ತಿರ ನಿಂತೆ.

"ಚಂದ್ರವ್ವನ ಹೆಸರು ಯಾರು ಹಾಕಂದ್ರು?"

"ನೀವು ಬಿಟ್ಟಿದ್ರಿ, ನಾ ಹುಡುಕಿ ಹಾಕೇನ್ರಿ."

"ಬಿಟ್ಟಿದ್ದಲ್ಲೋ, ಖಾಲಿ ಇಟ್ಟಿದ್ದು. ಗಂಡ ಆಕಿ ಕೈ ಮುರದು ಹೊರಗ ಹಾಕ್ಯಾನ. ಆ ಮನಿ ಕೆಳಗ ನನ್ನ ಹೆಸರು ಬರೀಬ್ಯಾಡ್ರಿ ಅಂದಿದ್ಲು, ನಾ ಮಾತು ಕೊಟ್ಟಿದ್ದೆ. ನನ್ನ ಹೆಸರು ತಗದಿ, ಹೋಗ್ಲಿ. ಆಕಿ ಹೆಸರು ಹಾಕಾಕ ನೀ ಯಾರು?"

ಬೈಯಲಿಲ್ಲ, ಬೈದಿದ್ದರೆ ನಾನು ಪಾರಾಗುತ್ತಿದ್ದೆ. ಅರವತ್ತು ದಾಟಿದ ಆಕೆ ಸೆರಗು ಸಿಕ್ಕಿಸಿ, ಪಂಕ್ತಿಯಲ್ಲಿ ಉಣ್ಣುತ್ತಿದ್ದವರ ಬಳಿಗೂ ಹೋಗಿ, "ಅಚ್ಚು ತಪ್ಪೈತ್ರಿ, ತಿದ್ದಿ ಕೊಡ್ತೇವ್ರಿ" ಎಂದು ಪ್ರತಿಗಳನ್ನೆಲ್ಲ ಮರಳಿ ಪಡೆದಳು. ತಪ್ಪು ಯಾರದೆಂದು ಒಬ್ಬರಿಗೂ ಹೇಳಲಿಲ್ಲ. ಒಂದು ಪ್ರತಿ ಮಾತ್ರ ಆಗಲೇ ಕಣಗಲಾಕ್ಕೆ, ಚಂದ್ರವ್ವನ ತವರಿಗೇ, ಹೋಗಿಬಿಟ್ಟಿತ್ತು. ಮರುದಿನ ಅತ್ತೆ ಚಕ್ಕಡಿ ಹೂಡಿಸಿ ನನ್ನನ್ನೂ ಹತ್ತಿಸಿದಳು.

ಚಂದ್ರವ್ವ ಆ ಪ್ರತಿಯನ್ನು ಮುಂದಿಟ್ಟುಕೊಂಡೇ ಕುಳಿತಿದ್ದಳು. ಒಂದು ಕೈ ಇನ್ನೂ ಸೊಟ್ಟಗಿತ್ತು. "ತಪ್ಪಾತ್ರಿ, ನಿಮ್ಮನ್ನ ಕೇಳಬೇಕಿತ್ತು" ಎಂದೆ. ಮೂರು ಪದಕ್ಕೆ ಮೂರು ಸಲ ಕೆಮ್ಮು ಬಂತು. ಆಕೆ ಪ್ರತಿಯ ಮೇಲಿದ್ದ ನನ್ನ ಹೆಸರಿನ ಮೇಲೆ ಬೆರಳಿಟ್ಟು ಕೇಳಿದಳು: "ನನ್ನ ಜಾಗ ಖಾಲೀನ ಇರ್ಲಿ. ಆದ್ರ ಊರೂರು ತಿರುಗಿ ಇದನ್ನ ಕೂಡಿಸಿದ ಪದ್ಮವ್ವತ್ತಿ ಹೆಸರು ಎಲ್ಲೈತ್ರಿ ಮಾಸ್ತರ?"

ತನ್ನ ನೋವು ಬದಿಗಿಟ್ಟು ಇನ್ನೊಬ್ಬಳಿಗಾದ ಅನ್ಯಾಯ ಕೇಳುವ ಆ ಹೆಂಗಸಿನೆದುರು ನಾನು ಪಾಠ ಒಪ್ಪಿಸಲಾರದ ಹುಡುಗನಂತೆ ನಿಂತಿದ್ದೆ.

ಎರಡನೆಯ ಅಚ್ಚಿಗೆ ಮುನ್ನ ಮೂಡಲಗಿ, ಅರಭಾವಿ, ಹುಕ್ಕೇರಿ ಸುತ್ತಿ ಮನೆಮನೆಯಲ್ಲಿ ಅಪ್ಪಣೆ ಕೇಳಿದೆ. ಒಂದು ಬೇಸಿಗೆ ಸುತ್ತಿದ್ದಕ್ಕೇ ನನ್ನ ಚಪ್ಪಲಿ ಹರಿದವು; ಅತ್ತೆಯ ಹನ್ನೆರಡು ವರ್ಷ ಏನೆಂದು ಆಗ ತಿಳಿಯಿತು. ಈ ಸಲ ಮೇಲೆ ಆಕೆಯ ಹೆಸರೇ ಇತ್ತು, ಚಂದ್ರವ್ವನ ಜಾಗ ಖಾಲಿಯೇ ಇತ್ತು.

ಈ ಪ್ರಸಂಗ ಬರೆಯಲೂ ಅತ್ತೆ, ಚಂದ್ರವ್ವ ಇಬ್ಬರ ಅಪ್ಪಣೆ ಕೇಳಿದೆ. ತಮ್ಮ ಹೆಸರು ಬದಲಿಸಿ ಬರೆ ಎಂದರು, ಬದಲಿಸಿದ್ದೇನೆ.

"ಹಂಗಾರ ನನ್ನ ಹೆಸರೂ ಬದಲು ಮಾಡ್ಲೇನ್ರಿ ಅತ್ತಿ?" ಎಂದೆ.

"ನಿಂದ್ಯಾಕೋ?" ಎಂದಳು ಅತ್ತೆ. "ಖಾಲಿ ಜಾಗ ತುಂಬಿದ ಆ ಶಾಣ್ಯಾತನ ಪೂರಾ ನಿಂದ ಐತಿ. ಅದರಾಗ ಯಾರ ಪಾಲೂ ಇಲ್ಲ."