ಹನ್ನೊಂದು ವರ್ಷವಾದರೂ ಗುಣಮಟ್ಟ ಕುಸಿಯದಿರುವ ಬಗ್ಗೆ

ಸಂಖ್ಯೆ: ದೃಶ್ಯ/ನಿಯಂ/ಕುಸಿತ/571/ಭಾಗ-2
ದಿನಾಂಕ: ಬುಧವಾರ (ಗುರುವಾರ ಸಂಜೆ ಆರರೊಳಗೆ ಎಲ್ಲರಿಗೂ ತಲುಪತಕ್ಕದ್ದು)

ಸುತ್ತೋಲೆ

ವಿಷಯ: ಅಂತರ್ಜಾಲದಲ್ಲಿ ವಿಡಿಯೋ ಮಾಡುವ ಕೆಲವರು ವರ್ಷಗಟ್ಟಲೆ ಒಂದೇ ಸಮನೆ ಚೆನ್ನಾಗಿ ಮಾಡುತ್ತಿರುವುದು, ಅದರಿಂದ ಉದ್ಭವಿಸಿರುವ ಪರಿಸ್ಥಿತಿ, ಹಾಗೂ ಊಟದ ಮೇಜುಗಳ ತೆರವು ಕುರಿತು.

ಉಲ್ಲೇಖ:
1. ವಿಡಿಯೋ ತಯಾರಕರ ಸಹಜ ಕುಸಿತ ನಿಯಮಗಳು, ನಿಯಮ 14.
2. ಇತರೆ ತಯಾರಕರ ಸಂಘದ ದೂರು (ವಿಡಿಯೋ ರೂಪದಲ್ಲಿ, 41 ನಿಮಿಷ, ವಿಷಯ 38ನೇ ನಿಮಿಷದಲ್ಲಿ ಆರಂಭ).
3. ತನಿಖಾಧಿಕಾರಿಯವರ ಸ್ಥಳ ಪರಿಶೀಲನಾ ವರದಿ.
4. ರಿಪೇರಿಯವರ ಅಕ್ಕನವರು ದೂರವಾಣಿಯಲ್ಲಿ ಆಡಿದ ಮಾತು.

ಪ್ರಸ್ತಾವನೆ:

ವಿಡಿಯೋ ತಯಾರಕರ ಗುಣಮಟ್ಟವು ಕಾಲಕ್ರಮೇಣ ಕುಸಿಯತಕ್ಕದ್ದೆಂದು ನಿಯಮ 14ರಲ್ಲಿ ಸ್ಪಷ್ಟಪಡಿಸಲಾಗಿದೆ. ಅದರಂತೆ ತಯಾರಕರು ಮೊದಲನೇ ವರ್ಷವನ್ನು ಉತ್ಸಾಹದಲ್ಲಿ, ಎರಡನೇ ವರ್ಷವನ್ನು ಹೊಸ ಲೈಟಿನಲ್ಲಿ, ಮೂರನೇ ವರ್ಷವನ್ನು "ತುಂಬಾ ದಿನ ಆಯ್ತು ವಿಡಿಯೋ ಹಾಕಿ" ಎಂಬ ಕ್ಷಮಾಪಣೆಯಲ್ಲಿ, ನಾಲ್ಕನೇ ವರ್ಷವನ್ನು ತಮ್ಮ ಹೊಸ ಮನೆಯ ಕಪಾಟುಗಳನ್ನು ಒಂದೊಂದಾಗಿ ತೆರೆದು ತೋರಿಸುವುದರಲ್ಲಿ ಕಳೆದು, ಐದನೇ ವರ್ಷ ಕಣ್ಣೊರೆಸಿಕೊಳ್ಳುತ್ತಾ ವಿದಾಯ ಹೇಳಿ, ಮೂರು ವಾರದ ನಂತರ ಮರಳಿ ಬರತಕ್ಕದ್ದು. ಬಹುಪಾಲು ತಯಾರಕರು ಯಾವುದೇ ಜ್ಞಾಪನವಿಲ್ಲದೆಯೇ ಈ ನಿಯಮವನ್ನು ಪಾಲಿಸುತ್ತಿರುವುದನ್ನು ಇಲಾಖೆಯು ಮೆಚ್ಚುಗೆಯಿಂದ ಗಮನಿಸಿದೆ.

ಆದರೆ, ವೀಕ್ಷಕರು "ಮಿಷನ್ ಮಾವ" ಎಂದು ಕರೆಯುವ ಹೊಲಿಗೆ ಯಂತ್ರ ರಿಪೇರಿಯವರೊಬ್ಬರು (ಇನ್ನು ಮುಂದೆ 'ಸದರಿ ಮಾವ') ಹನ್ನೊಂದು ವರ್ಷಗಳಿಂದ ಪ್ರತಿ ಗುರುವಾರ ಸಂಜೆ ಆರಕ್ಕೆ ಒಂದು ವಿಡಿಯೋ ಹಾಕುತ್ತಾ ಬಂದಿದ್ದು, ಒಂದರಲ್ಲಿಯೂ ಕುಸಿತ ಕಂಡುಬಂದಿರುವುದಿಲ್ಲ. ಯಂತ್ರ ಕೆಟ್ಟಿದೆ, ಇದಕ್ಕೆ ಕೆಟ್ಟಿದೆ, ಹೀಗೆ ಸರಿಮಾಡಿ ಎಂದು ತೋರಿಸುತ್ತಾರೆ. ಚಿಂದಿ ಬಟ್ಟೆಯ ಮೇಲೆ ಒಂದು ಗೆರೆ ಹೊಲಿದು, ಅದನ್ನು ಮಗುಚಿ, ಹೊಲಿಗೆಯ ಹಿಂಬದಿಯನ್ನೂ ತೋರಿಸಿ ಮುಗಿಸುತ್ತಾರೆ. ಗಂಟೆ ಒತ್ತಿ ಎಂದು ಒಮ್ಮೆಯೂ ಕೇಳಿಲ್ಲ. ಗಂಟೆ ಎಂಬುದೊಂದು ಇರುವುದು ಅವರಿಗೆ ಗೊತ್ತೇ ಎಂಬ ಅಂಶ ತನಿಖೆಯಲ್ಲಿದೆ.

ಇದರಿಂದಾಗಿ ಇತರೆ ತಯಾರಕರ ವಿಡಿಯೋಗಳ ಕೆಳಗೆ ಸಾರ್ವಜನಿಕರು "ಮಾವನ್ನ ನೋಡಿ ಕಲಿಯಪ್ಪ" ಎಂದು ಬರೆಯುತ್ತಿದ್ದು, ಒಬ್ಬ ತಯಾರಕರಂತೂ ತಮ್ಮ ಬೆಕ್ಕಿನ ಹುಟ್ಟುಹಬ್ಬದ ವಿಡಿಯೋವನ್ನು ಎರಡು ಭಾಗಕ್ಕೆ ಇಳಿಸಬೇಕಾಗಿ ಬಂದಿದೆ ಎಂದು ಉಲ್ಲೇಖ 2ರಲ್ಲಿ ಗದ್ಗದಿತರಾಗಿ ನಿವೇದಿಸಲಾಗಿದೆ.

ಈ ಎಲ್ಲಾ ಅಂಶಗಳನ್ನು ಪರಿಶೀಲಿಸಿ ಕೆಳಕಂಡಂತೆ ದಾಖಲಿಸಲಾಗಿದೆ ಹಾಗೂ ಸೂಚಿಸಲಾಗಿದೆ.

1. ಸ್ಥಳ ಪರಿಶೀಲನೆ: ಸದರಿ ಅಂಗಡಿಯು ಇಸ್ತ್ರಿ ಅಂಗಡಿಯ ಪಕ್ಕದಲ್ಲಿದ್ದು, ಎಂಟಡಿ ಅಗಲ, ಹತ್ತಡಿ ಉದ್ದ ಇರುತ್ತದೆ. ಒಂದು ಟ್ಯೂಬ್‌ಲೈಟ್ ಇದೆ. ಕ್ಯಾಮೆರಾ ಎಂದು ಕರೆಯಬಹುದಾದ ವಸ್ತುವು ಸದರಿ ಮಾವನ ಅಕ್ಕನವರ ಫೋನ್ ಆಗಿದ್ದು, ಅದನ್ನು ಕೆಟ್ಟ ಟೇಬಲ್ ಫ್ಯಾನಿನ ಕಂಬಕ್ಕೆ ರಬ್ಬರ್ ಬ್ಯಾಂಡಿನಿಂದ ಬಿಗಿಯಲಾಗಿದೆ. ನಿವೃತ್ತ ಶಾಲಾ ಶಿಕ್ಷಕಿಯಾದ ಅಕ್ಕನವರು ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕುಳಿತು, ಬೆಳಕು ತಿರುಗಿಸಲು ಬಿಳಿ ಥರ್ಮಾಕೋಲ್ ಹಿಡಿದಿರುತ್ತಾರೆ. ಪ್ರತಿ ಬುಧವಾರ, ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತ ಯಾರಾದರೊಬ್ಬ ಗಿರಾಕಿಗೆ ಮರುದಿನದ ವಿಡಿಯೋ ತೋರಿಸಲಾಗುತ್ತದೆ. ನೋಡುವಾಗ ಎಲ್ಲಿ ಅವರ ಹುಬ್ಬು ಗಂಟಾಗುತ್ತದೋ ಆ ಭಾಗವನ್ನು ಮತ್ತೆ ತೆಗೆಯಲಾಗುತ್ತದೆ. ಸದರಿ ಗುಣಮಟ್ಟದ ಗುಟ್ಟು ಇಷ್ಟೇ ಎಂದು ವರದಿಯಾಗಿದೆ.

ಪರಿಶೀಲನೆಯ ದಿನ ಬುಧವಾರವಾಗಿದ್ದು, ಬೇರೆ ಗಿರಾಕಿ ಇಲ್ಲದ ಕಾರಣ ತನಿಖಾಧಿಕಾರಿಯವರನ್ನೇ ಬೆಂಚಿನಲ್ಲಿ ಕೂರಿಸಲಾಗಿದೆ. ಅವರ ಹುಬ್ಬು ಮೂರು ಕಡೆ ಗಂಟಾಗಿ, ಮೂರು ಭಾಗಗಳನ್ನು ಪುನಃ ತೆಗೆಯಲಾಗಿದೆ. ಇಲಾಖೆಯ ಹುಬ್ಬನ್ನು ಪೂರ್ವಾನುಮತಿ ಇಲ್ಲದೆ ಬಳಸಿರುವುದು ಗಂಭೀರ ವಿಷಯ. ಅರ್ಧ ಗಂಟೆಯ ಕೆಲಸಕ್ಕೆ ಹೋದ ತನಿಖಾಧಿಕಾರಿಯವರು ಐದು ಗಂಟೆ ಬಿಟ್ಟು ಹಿಂದಿರುಗಿದ್ದು, ಬರುವಾಗ ಬಾಬಿನ್‌ಗೆ ದಾರ ಸುತ್ತುವುದನ್ನು ಕಲಿತು ಬಂದಿರುತ್ತಾರೆ.

2. ಆದೇಶ: ಮೇಲಿನ ಹಿನ್ನೆಲೆಯಲ್ಲಿ, ಸದರಿ ಮಾವ ತಮ್ಮ 571ನೇ ವಿಡಿಯೋವನ್ನು ಕಳಪೆಯಾಗಿ ಮಾಡತಕ್ಕದ್ದೆಂದೂ, ತದನಂತರ ಮತ್ತೊಂದು ಒಳ್ಳೆಯ ವಿಡಿಯೋ ಹಾಕಿದ್ದೇ ಆದಲ್ಲಿ ಅವರ ವಾಹಿನಿಯನ್ನು ಶಾಶ್ವತವಾಗಿ ಮುಚ್ಚಲಾಗುವುದೆಂದೂ ಲಿಖಿತವಾಗಿ ತಿಳಿಸಲಾಯಿತು. ಕಳಪೆಯಾಗಿ ಮಾಡುವ ಬಗೆ ತಿಳಿಯದೆಂದು ಸದರಿಯವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಅಕ್ಕನವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ನೀವೇ ಬಂದು ಒಂದು ಮಾಡಿ ತೋರಿಸಿ ಸ್ವಾಮಿ. ಇವನು ನೋಡ್ಕೊಂಡು ಕಲೀತಾನೆ. ನಿಮಗೆ ರೂಢಿ ಇರತ್ತೆ."

ಆದುದರಿಂದ ಇಲಾಖೆಯೇ ಮಾದರಿಯನ್ನು ಒದಗಿಸಿತು: (ಅ) ಮೊದಲ ಎರಡು ನಿಮಿಷ ವಿಷಯಕ್ಕೆ ಸಂಬಂಧವಿಲ್ಲದ ಪೀಠಿಕೆ, (ಆ) ಒಳ್ಳೆಯ ಘಟ್ಟದಲ್ಲಿ ನಿಲ್ಲಿಸುವುದು, (ಇ) ಮುಂದಿನ ಭಾಗ ಇಲ್ಲದಿರುವುದು.

3. ಪಾಲನೆ: ಸದರಿ ಮಾವ ಆದೇಶವನ್ನು ಅಕ್ಷರಶಃ ಪಾಲಿಸಿದರು. ಅವರು ಯಾವ ಕೆಲಸವನ್ನಾದರೂ ಅರೆಬರೆ ಮಾಡುವವರಲ್ಲ ಎಂಬುದನ್ನು ಇಲಾಖೆಯು ಆಗಲೇ ಗಮನಿಸಬೇಕಾಗಿತ್ತು. ಹಳೆಯ ಕಾಲ್ತುಳಿ ಯಂತ್ರವೊಂದನ್ನು ಪೂರ್ತಿ ಬಿಚ್ಚಿ, ಅರವತ್ತಮೂರು ತುಣುಕುಗಳನ್ನು ಸಾಲಾಗಿ ಜೋಡಿಸಿಟ್ಟು, ಅಲ್ಲಿಗೆ ನಿಲ್ಲಿಸಿದರು.

ವೀಕ್ಷಕರು ಅವರ ವಿಡಿಯೋ ನೋಡುತ್ತಲೇ ತಮ್ಮ ಯಂತ್ರಗಳನ್ನೂ ಬಿಚ್ಚುವ ಪದ್ಧತಿ ಹನ್ನೊಂದು ವರ್ಷಗಳಿಂದ ಇದೆ. ಇದನ್ನರಿತ ಸದರಿ ಮಾವ, "ಇವತ್ತು ಯಾರೂ ಜೊತೆಗೆ ಬಿಚ್ಚಬೇಡಿ. ಜೋಡಿಸೋದು ತೋರಿಸೋ ಹಾಗಿಲ್ಲ ಅಂತ ಆರ್ಡರ್ ಆಗಿದೆ" ಎಂದು ಕೈಮುಗಿದು ಎಚ್ಚರಿಸಿರುವುದು ಕಂಡುಬಂದಿದೆ. ಆದರೆ ಹೇಳಲು ಬೇರೇನೂ ತೋಚದೆ, ಆ ಎಚ್ಚರಿಕೆಯನ್ನು ಅವರು ಎರಡು ನಿಮಿಷದ ಪೀಠಿಕೆಯೊಳಗೆ ಸೇರಿಸಿದ್ದರು. ಸದರಿಯವರ ವಿಡಿಯೋದಲ್ಲಿ ಪೀಠಿಕೆಯನ್ನು ಮೊದಲ ಬಾರಿಗೆ ಕಂಡ ವೀಕ್ಷಕರು, ಬೇರೆ ವಿಡಿಯೋಗಳಲ್ಲಿ ಮಾಡುವಂತೆ, ಅದನ್ನು ಮುಂದಕ್ಕೆ ಓಡಿಸಿದರು.

4. ಪರಿಣಾಮ: ಹದಿಮೂರು ದಿನಗಳಿಂದ ಅಸಂಖ್ಯಾತ ಮನೆಗಳ ಊಟದ ಮೇಜಿನ ಮೇಲೆ ಹೊಲಿಗೆ ಯಂತ್ರಗಳು ಬಿಚ್ಚಿದ ಸ್ಥಿತಿಯಲ್ಲಿವೆ. ಆಸ್ಪತ್ರೆಯೊಂದರ ದರ್ಜಿಯವರು ಹಸಿರು ನಿಲುವಂಗಿಗಳಿಗೆ ಪಿನ್ನು ಚುಚ್ಚಿ ಕಳಿಸುತ್ತಿದ್ದಾರೆ. ಕೆಳಸಹಿದಾರರ ಮನೆಯಲ್ಲಿಯೂ ಅರವತ್ತಮೂರು ತುಣುಕುಗಳಿದ್ದು, ಸದರಿ ಯಂತ್ರವು ಕೆಳಸಹಿದಾರರ ಅತ್ತೆಯವರಿಗೆ ಸೇರಿದ್ದಾಗಿರುತ್ತದೆ. ಆದೇಶಕ್ಕೆ ಸಹಿ ಹಾಕಿದವರು ಯಾರೆಂಬುದು ಅವರಿಗೆ ತಿಳಿದುಬಂದಿದೆ. ಅಂದಿನಿಂದ ಕೆಳಸಹಿದಾರರ ತಟ್ಟೆಯನ್ನು ಕಿಟಕಿಯ ಅಂಚಿನ ಮೇಲೆ ಇಡಲಾಗುತ್ತಿದೆ.

ಕಳೆದ ಗುರುವಾರ ಸಂಜೆ ಆರಕ್ಕೆ ವಿಡಿಯೋ ಬರಲಿಲ್ಲ. ಆರೂ ಹತ್ತಕ್ಕೆ ಕೆಳಸಹಿದಾರರು ಖುದ್ದು ದೂರವಾಣಿ ಕರೆ ಮಾಡಿ ವಿನಂತಿಸಿದಾಗ ಅಕ್ಕನವರು ನೀಡಿದ ಉತ್ತರ (ಉಲ್ಲೇಖ 4): "ಒಳ್ಳೇದು ಮಾಡಿದ್ರೆ ಮುಚ್ತೀವಿ ಅಂತ ಬರೆದು ಕೊಟ್ಟಿದೀರಿ. ಒಳ್ಳೇದು ಮಾಡಿ ಅಂತಾನೂ ಬರೆದು ಕೊಡಿ. ಅಲ್ಲೀವರೆಗೆ ಈ ಫೋನಲ್ಲಿ ವಿಡಿಯೋ ಇಲ್ಲ, ಬೀರೂಲಿ ಇಟ್ಟು ಬೀಗ ಹಾಕ್ತೀನಿ. ಆಮೇಲೆ, ಕಾಗದದ ಹಿಂದೆ ಏನಿದೆ ಅಂತಾನೂ ತೋರಿಸಿ." ತದನಂತರ ಕರೆಯನ್ನು ಕಡಿತಗೊಳಿಸಲಾಗಿದೆ.

5. ಮೇಲ್ಕಂಡ ಕಾರಣಗಳಿಂದಲ್ಲದೆ, ಕೇವಲ ಆಡಳಿತಾತ್ಮಕ ಹಿತದೃಷ್ಟಿಯಿಂದ, ಈ ಮೂಲಕ ಸೂಚಿಸಲಾಗಿದೆ ಏನೆಂದರೆ:

(ಕ) ಸದರಿ ಮಾವ ನಾಳೆ ಗುರುವಾರ ಸಂಜೆ ಆರಕ್ಕೆ ಯಂತ್ರ ಜೋಡಿಸುವ ವಿಡಿಯೋ ಹಾಕತಕ್ಕದ್ದು. ಇದನ್ನು 571ನೇ ಕಳಪೆ ವಿಡಿಯೋದ ಉಳಿದ ಭಾಗವೆಂದು ಪರಿಗಣಿಸಲಾಗುವುದರಿಂದ ವಾಹಿನಿ ಮುಚ್ಚುವ ಪ್ರಶ್ನೆ ಉದ್ಭವಿಸುವುದಿಲ್ಲ. ಸದರಿ ಕಳಪೆಯ ಉಳಿದ ಭಾಗವನ್ನು ಅತ್ಯಂತ ಚೆನ್ನಾಗಿ ಮಾಡತಕ್ಕದ್ದು.

(ಖ) ಇನ್ನು ಮುಂದಿನ ಎಲ್ಲಾ ವಿಡಿಯೋಗಳನ್ನೂ ಇದರ ಉಳಿದ ಭಾಗವೆಂದೇ ಪರಿಗಣಿಸಲಾಗುವುದು.

(ಗ) ಅಲ್ಲಿಯವರೆಗೆ ಸಾರ್ವಜನಿಕರು ತುಣುಕುಗಳಿರುವ ಕೋಣೆಯಲ್ಲಿ ಫ್ಯಾನ್ ಹಾಕುವುದು, ಸೀನುವುದು, ಮೇಜಿನ ಬಟ್ಟೆ ಎಳೆಯುವುದು ಮುಂತಾದವನ್ನು ನಿಷೇಧಿಸಲಾಗಿದೆ. ಸೀನು ತಡೆಯಲಾಗದವರು ಪಕ್ಕದ ಮನೆಗೆ ಹೋಗತಕ್ಕದ್ದು. ಪಕ್ಕದ ಮನೆಯಲ್ಲೂ ಯಂತ್ರ ಬಿಚ್ಚಿದ್ದಲ್ಲಿ ರಸ್ತೆಯನ್ನು ಬಳಸತಕ್ಕದ್ದು.

(ಘ) ಜೋಡಿಸಿದ ನಂತರ ಒಂದು ಸ್ಕ್ರೂ ಉಳಿದವರು ಅದನ್ನು ಲಕೋಟೆಯಲ್ಲಿಟ್ಟು ಇಲಾಖೆಗೆ ಒಪ್ಪಿಸತಕ್ಕದ್ದು. ಒಂದು ಸ್ಕ್ರೂ ಕಡಿಮೆ ಬಿದ್ದವರು ಇಲಾಖೆಗೆ ಅರ್ಜಿ ಸಲ್ಲಿಸತಕ್ಕದ್ದು. ಇವರಿಬ್ಬರೂ ನೇರವಾಗಿ ಭೇಟಿಯಾಗಿ ವಿಷಯವನ್ನು ಇತ್ಯರ್ಥಪಡಿಸಿಕೊಳ್ಳುವಂತಿಲ್ಲ.

(ಙ) ತನಿಖಾಧಿಕಾರಿಯವರನ್ನು ಪ್ರತಿ ಬುಧವಾರ ಸದರಿ ಬೆಂಚಿಗೆ, ಹುಬ್ಬು ಸಹಿತ, ನಿಯೋಜಿಸಲಾಗಿದೆ. ಈ ಆದೇಶ ಹೊರಡುವ ಮುನ್ನವೇ, ಬೆಳಿಗ್ಗೆಯೇ, ಅವರು ಅಲ್ಲಿಗೆ ಹೋಗಿರುವುದಾಗಿ ತಿಳಿದುಬಂದಿದೆ.

(ಚ) ಕಚೇರಿ ಸಿಬ್ಬಂದಿ ನಾಳೆ ಸದರಿ ವಿಡಿಯೋವನ್ನು ಕಚೇರಿಯಲ್ಲಿ ನೋಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ನೋಡುವವರು ಹಿಂದಿನ ಸಾಲಿಗೂ ಕೇಳಿಸುವಂತೆ ಧ್ವನಿ ಇಡತಕ್ಕದ್ದು.

(ಛ) ಇತರೆ ತಯಾರಕರು ಚೆನ್ನಾಗಿ ಮಾಡಲು ಇಚ್ಛಿಸಿದಲ್ಲಿ ನಿಗದಿತ ನಮೂನೆಯಲ್ಲಿ ಅನುಮತಿ ಕೋರತಕ್ಕದ್ದು. ಅನುಮತಿ ದೊರೆಯಲು ಆರು ವರ್ಷ ಹಿಡಿಯುವುದರಿಂದ ಅಷ್ಟರಲ್ಲಿ ಇಚ್ಛೆ ತಾನಾಗಿಯೇ ಇಳಿಯುವ ನಿರೀಕ್ಷೆ ಇದೆ.

ಸಹಿ/-
ನಿಯಂತ್ರಣಾಧಿಕಾರಿ (ಸಹಜ ಕುಸಿತ)

ಪ್ರತಿಗಳು:
1. ಇತರೆ ತಯಾರಕರ ಸಂಘಕ್ಕೆ: ಮಾಹಿತಿಗಾಗಿ. ಉತ್ತರವನ್ನು ದಯವಿಟ್ಟು ಬರಹದಲ್ಲಿ ಕಳಿಸುವುದು.
2. ಬೆಕ್ಕಿನ ಮಾಲೀಕರಿಗೆ: ಮೂರನೇ ಭಾಗಕ್ಕೆ ಒತ್ತಾಯವಿಲ್ಲವೆಂಬ ಮಾಹಿತಿಯೊಂದಿಗೆ.
3. ಆಸ್ಪತ್ರೆಯ ದರ್ಜಿಯವರಿಗೆ: ನಾಳೆ ಆರರವರೆಗೆ ಪಿನ್ನುಗಳನ್ನೇ ಮುಂದುವರಿಸಲು.
4. ತನಿಖಾಧಿಕಾರಿಯವರಿಗೆ: ಬೆಂಚಿನ ವಿಳಾಸಕ್ಕೆ.
5. ಸದರಿ ಮಾವನವರಿಗೆ: ಅವರ ಅಕ್ಕನವರ ಮುಖಾಂತರ.
6. ಸದರಿಯವರ ಅಕ್ಕನವರಿಗೆ: ತಾವು ಕೇಳಿದಂತೆ ಬರೆದು ಕೊಡಲಾಗಿದೆ. ಹಾಳೆಯ ಹಿಂಬದಿಯನ್ನೂ ಕಳಿಸಲಾಗಿದ್ದು, ಅಲ್ಲಿ ಏನೂ ಇಲ್ಲದಿರುವುದನ್ನು ದೃಢಪಡಿಸಿಕೊಂಡು ಬೀರು ತೆರೆಯಲು ಕೋರಿದೆ.
7. ಕೆಳಸಹಿದಾರರ ಅತ್ತೆಯವರಿಗೆ: ಕಿಟಕಿಯ ಬಳಿಯಿಂದ, ಖುದ್ದಾಗಿ.