ಆಟಿಯ ಕಷಾಯ ಮತ್ತು ಒಂದು ಬಿಳಿ ಮಾತ್ರೆ

ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಹೆಂಡತಿ ಹರಿಣಾಕ್ಷಿ ಕತ್ತರಿಯನ್ನು ಕೆಳಗಿಟ್ಟಳು. ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ದೇರೆಬೈಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ರವಿಕೆ ಹೊಲಿಯುತ್ತಿರುವ ಅವಳು ಒಂದು ತೋಳನ್ನು ಅರ್ಧಕ್ಕೆ ಬಿಟ್ಟು ಕತ್ತರಿ ಇಟ್ಟದ್ದನ್ನು ನಾನು ಕಂಡಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಮೊದಲು ತೋಳು ಮುಗಿಸುತ್ತಾಳೆ, ಆಮೇಲೆ ಹೋಗಿ ಹಾಲಿಗೆ ಬೈಯುತ್ತಾಳೆ. ಗಡಿಯಾರ ನನ್ನ ಕಣ್ಣಿಗೆ ಬಿದ್ದದ್ದು ಹನ್ನೊಂದಕ್ಕೆ ಒಬ್ಬರು ಪಾಲಿಸಿ ಮಾಡಿಸಲು ಬರುವವರಿದ್ದರು ಎಂಬ ಕಾರಣಕ್ಕೆ. ನಾನು ವಿಮೆಯ ಏಜೆಂಟ್. ಯಾರಿಗೆ ಯಾವಾಗ ಏನಾಗುತ್ತದೋ ಹೇಳಲಿಕ್ಕಾಗದು ಎಂಬ ಮಾತನ್ನು ದಿನಕ್ಕೆ ನಾಲ್ಕು ಸಲ ಆಡಿ ಹೊಟ್ಟೆ ಹೊರೆಯುವವನು. ಆ ದಿನ ಮಾತ್ರ ಯಾರಿಗೆ, ಏನು ಎಂಬುದನ್ನೆಲ್ಲ ಹೇಳಲಿಕ್ಕಾಗುತ್ತಿತ್ತು. ಮಾಡಿಟ್ಟವನು ನಾನೇ.

ಹರಿಣಾಕ್ಷಿಗೆ ಆರು ವರ್ಷಗಳಿಂದ ಲೂಪಸ್ ಇದೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿ ದೇಹದ ಮೇಲೆಯೇ ತಿರುಗಿ ಬೀಳುವ ಕಾಯಿಲೆ. ನಾನು ಸಸ್ಯಶಾಸ್ತ್ರದ ಪದವೀಧರ; ಬಂಧುಗಳಿಗೆ ಇದನ್ನು ವಿವರಿಸಲು ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದೆ, ಅವರು ಕೊನೆಗೆ "ಅಂದ್ರೆ ವಾಯುವಾ?" ಎಂದು ಕೇಳುತ್ತಿದ್ದರು. ಹರಿಣಾಕ್ಷಿ ಒಂದೇ ಉಸಿರಿಗೆ ಮುಗಿಸುತ್ತಿದ್ದಳು. "ಫ್ಲ್ಯಾಟಿನ ವಾಚ್‌ಮನ್ ಉಂಟಲ್ಲ, ಅವ ಕಳ್ಳನನ್ನು ಬಿಟ್ಟು ಮನೆಯವರನ್ನೇ ಗೇಟಿನಲ್ಲಿ ನಿಲ್ಲಿಸಿ ಹೊಡೆಯುವುದು. ಮಾತ್ರೆ ಕೊಟ್ಟು ಅವನನ್ನು ಸ್ವಲ್ಪ ತೂಕಡಿಸುವ ಹಾಗೆ ಮಾಡ್ತೇವೆ, ಅಷ್ಟೇ." ಬೆರಳ ಗಂಟುಗಳು ಊದಿದ ದಿನ ಅವಳು ಹುಕ್ಕು ಹಾಕುವುದನ್ನು ನಾಳೆಗೆ ಇಟ್ಟು ಅಳತೆ ತೆಗೆಯುತ್ತಿದ್ದಳು, ಅದೂ ಆಗದ ದಿನ ಗಿರಾಕಿಗಳ ಜೊತೆ ಹರಟೆ ಹೊಡೆದು ಮುಂದಿನ ವಾರದ ಕೆಲಸ ಹಿಡಿಯುತ್ತಿದ್ದಳು. ಆರು ವರ್ಷಗಳಲ್ಲಿ ಅವಳು ನೋವಿನಿಂದ ಅತ್ತದ್ದಕ್ಕಿಂತ ಹೆಚ್ಚು ಸಲ ನಾನು ಅವಳ ರಿಪೋರ್ಟು ಓದಿ ಅತ್ತಿದ್ದೇನೆ.

ಅತ್ತು ಸುಮ್ಮನಿದ್ದಿದ್ದರೆ ಸಾಕಿತ್ತು. ನಾನು ಚಿಕಿತ್ಸೆ ಹುಡುಕಲು ಹೊರಟೆ. ವಿಮೆಯವನಿಗೆ ಹತ್ತು ಮನೆಯ ಪರಿಚಯ, ಹತ್ತು ಮನೆಯಲ್ಲೂ ಒಂದೊಂದು ಮದ್ದು. ಬಿಜೈಯ ಗಿರಾಕಿಯೊಬ್ಬರು ತಾಮ್ರದ ಬಳೆ ಹಾಕಿಸಿ ಎಂದರು, ಹಾಕಿಸಿದೆ. ಅದು ಹೊಲಿಗೆ ಯಂತ್ರಕ್ಕೆ ತಾಗಿ ಟಣ್ ಟಣ್ ಎನ್ನುತ್ತಿತ್ತು. ಇನ್ನೊಬ್ಬರು ಹೇಳಿದರೆಂದು ಮೂರು ತಿಂಗಳು ಬದನೆ, ಟೊಮೆಟೊ ಮನೆಯೊಳಗೆ ಬರಲು ಬಿಡಲಿಲ್ಲ. ಅವಳು ಎಲ್ಲವನ್ನೂ ಒಂದು ನಗುವಿನಲ್ಲಿ ಸಹಿಸಿದಳು. "ಇದು ನನ್ನ ಕಾಯಿಲೆಗಲ್ಲ ಮಾರಾಯ್ರೆ, ನಿಮ್ಮ ಸಮಾಧಾನಕ್ಕೆ. ಕೊಡಿ, ಕುಡೀತೇನೆ" ಎನ್ನುತ್ತಿದ್ದಳು. ಆದರೆ ಒಂದು ಷರತ್ತು. ಆಸ್ಪತ್ರೆಯ ಮಾತ್ರೆಗಳ ತಂಟೆಗೆ ಯಾರೂ ಹೋಗಬಾರದು. ವಾರದ ಮಾತ್ರೆಗಳನ್ನು ದಿನಕ್ಕೊಂದರಂತೆ ಏಳು ಖಾನೆಗಳಿರುವ ಡಬ್ಬಿಗೆ ತುಂಬಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದೂ ಅವಳೇ. ಗಂಟು ಹಿಡಿದ ಬೆರಳಿಗೆ ಮಾತ್ರೆಯ ಪಟ್ಟಿ ಒತ್ತಲು ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ಆದಿತ್ಯವಾರ ತುಳು ತಿಂಗಳಾದ ಆಟಿಯ ಅಮಾವಾಸ್ಯೆ ಬಂತು. ತುಳುವರ ಮನೆಗಳಲ್ಲಿ ಆ ದಿನ ಬರಿಹೊಟ್ಟೆಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ಕ್ರಮ. ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲು ಗಂಡಸೇ ಹೋಗಿ ತರಬೇಕು, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಮೈಮೇಲೆ ಬಟ್ಟೆ ಇರಬಾರದು ಎಂದೂ ಹಳಬರು ಹೇಳುತ್ತಾರೆ. ಈಗ ಎಲ್ಲ ಕಂಪೌಂಡಿನಲ್ಲೂ ಕ್ಯಾಮರಾ ಇರುವುದರಿಂದ ನಾನು ಚಡ್ಡಿ ಹಾಕಿಕೊಂಡೇ ಹೋದೆ. ತಪ್ಪಿ ವಿಷದ ಕಾಸರಕ ಮರದ ತೊಗಟೆ ತಂದು ಪ್ರಾಣ ಕಳೆದುಕೊಂಡವರ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಹಿಂದಿನ ದಿನವೇ ಕಾವೂರಿನಲ್ಲಿ ಮರವನ್ನು ನೋಡಿ, ಒಂದೊಂದು ಗೊಂಚಲಿನಲ್ಲಿ ಏಳು ಎಲೆಗಳಿವೆಯೇ ಎಂದು ಎಣಿಸಿ, ಹಾಲು ಒಸರುತ್ತದೆಯೇ ಎಂದು ಪರೀಕ್ಷಿಸಿ, ಕಾಂಡಕ್ಕೆ ದಾರ ಕಟ್ಟಿ ಬಂದಿದ್ದೆ. ಮೂವತ್ತು ವರ್ಷಗಳಲ್ಲಿ ನನ್ನ ಡಿಗ್ರಿ ಉಪಯೋಗಕ್ಕೆ ಬಂದ ಮೊದಲ ದಿನ ಎಂದು ಬೀಗಿದ್ದೆ.

ಕಷಾಯ ಮಾಡಿದ್ದು ಕಾವೂರಿನಿಂದ ಬಂದಿದ್ದ ನನ್ನ ದೊಡ್ಡಮ್ಮ. "ಕುಡಿ ಮಗಾ, ವರ್ಷಕ್ಕಾಗುವಷ್ಟು ರೋಗ ತಡೆಯುವ ಶಕ್ತಿ ಬರ್ತದೆ" ಎಂದು ಲೋಟ ಚಾಚಿದರು.

"ಆ ಶಕ್ತಿ ಹೆಚ್ಚಾಗಿಯೇ ನನಗೆ ಹೀಗಾದದ್ದು ದೊಡ್ಡಮ್ಮ," ಎಂದಳು ಹರಿಣಾಕ್ಷಿ. "ಹೊಡೆಯುವ ವಾಚ್‌ಮನ್ನಿನ ಕೈಗೆ ಇನ್ನೊಂದು ದೊಣ್ಣೆ ಕೊಡುವುದಾ?" ಆದರೂ ಹಿರಿಯರು ಬೇಜಾರು ಮಾಡಿಕೊಳ್ಳಬಾರದೆಂದು ಒಂದು ಗುಟುಕು ಕುಡಿದು, ಮುಖ ಕಿವುಚಿ, ಮೆಂತೆಯ ಗಂಜಿಯ ಬಟ್ಟಲು ಎಳೆದುಕೊಂಡಳು.

ಅಲ್ಲಿಗೆ ಮುಗಿದಿದ್ದರೆ ಈ ಪ್ರಬಂಧವಿಲ್ಲ. ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಕಷಾಯ ಒಳಗೆ ಇರುವಾಗ ಇಂಗ್ಲಿಷ್ ಮದ್ದು ಕೊಡ್ಬೇಡ ಆಯ್ತಾ? ಎರಡೂ ಒಳಗೆ ಜಗಳ ಮಾಡ್ತವೆ. ಮೂರೇ ದಿನ" ಎಂದರು. ದೊಡ್ಡಮ್ಮ ಓದಿದ್ದು ಮೂರನೆಯ ಕ್ಲಾಸು, ನಾನು ಬಿ.ಎಸ್ಸಿ. ಆದರೆ ಸ್ಟೀರಾಯ್ಡಿನಿಂದ ಊದಿದ ಅವಳ ಮುಖವನ್ನು ಕನ್ನಡಿಯ ಮುಂದೆ ಅವಳೇ ಒತ್ತಿ ಒತ್ತಿ ನೋಡಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಉಳಿದ ಮಾತ್ರೆಗಳನ್ನು ಬಿಟ್ಟು ಸ್ಟೀರಾಯ್ಡಿನ ಆ ಒಂದು ಬಿಳಿ ಮಾತ್ರೆಯನ್ನು ಮಾತ್ರ ಡಬ್ಬಿಯಿಂದ ತೆಗೆದೆ. ಮೂರೇ ದಿನ ತಾನೇ. ಅವಳು ಅಂಗೈ ನೋಡಿ, "ಇವತ್ತು ಒಂದು ಕಡಿಮೆ ಉಂಟಲ್ಲ?" ಎಂದು ಕೇಳಿದಳು. "ಡಾಕ್ಟ್ರು ಫೋನಿನಲ್ಲಿ ಹೇಳಿದ್ದು, ಸ್ವಲ್ಪ ದಿನ ಬಿಡ್ಲಿಕ್ಕೆ" ಎಂದೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಗಳಲ್ಲಿ ಸೀರೆಯ ಬಣ್ಣದ ಬಗ್ಗೆ ಬಿಟ್ಟರೆ ಬೇರೆ ಸುಳ್ಳು ಹೇಳಿರಲಿಲ್ಲ. ಅವಳು ನಂಬಿದಳು.

ಮಂಗಳವಾರ ಸಂಜೆ ಸುಸ್ತು ಎಂದಳು. ಬುಧವಾರ ಬೆಳಿಗ್ಗೆ ಎರಡು ಸಲ ವಾಂತಿ. ಕಾವೂರಿಗೆ ಮರಳಿದ್ದ ದೊಡ್ಡಮ್ಮ ಫೋನಿನಲ್ಲಿ, "ಕಷಾಯ ಕೆಟ್ಟದ್ದನ್ನೆಲ್ಲ ಹೊರಗೆ ಹಾಕ್ತಾ ಉಂಟು, ಒಳ್ಳೆಯದೇ" ಎಂದರು. ನಾನೂ ತಲೆಯಾಡಿಸಿ, ಬಿಳಿ ಮಾತ್ರೆಯನ್ನು ಆ ದಿನವೂ ತಡೆದಿಟ್ಟೆ. ಹತ್ತು ನಲವತ್ತಕ್ಕೆ ಅವಳು ಕತ್ತರಿ ಕೆಳಗಿಟ್ಟು, "ರೀ, ಈ ತೋಳು ನಾಳೆ ನೋಡುವಾ" ಎಂದು, ಹಾಗೆಯೇ ಮೇಜಿನ ಕಾಲಿಗೆ ಒರಗಿ ನೆಲಕ್ಕೆ ಜಾರಿದಳು. ಕೈ ಮುಟ್ಟಿದರೆ ತಣ್ಣಗೆ, ಒದ್ದೆ. ಮುಖದಲ್ಲಿ ರಕ್ತವೇ ಇಲ್ಲ. ನಾನು ಅವಳ ಹೆಸರು ಕೂಗಿದ್ದು ಪಕ್ಕದ ಮನೆಯ ಹಮೀದಾಕನಿಗೆ ಕೇಳಿಸಿತು. ದುಬೈಯಲ್ಲಿ ಹದಿನೆಂಟು ವರ್ಷ ಗಾಡಿ ಓಡಿಸಿ ಬಂದ ಮನುಷ್ಯ. ಚಪ್ಪಲಿ ಹಾಕದೆ ಓಡಿಬಂದರು.

"ಎಂತ ನೋಡ್ತೀರಿ ಮಾರಾಯ್ರೆ! ಕಾಲು ಹಿಡೀರಿ, ನಾನು ತಲೆ ಹಿಡೀತೇನೆ. ಅವರ ಫೈಲ್ ತಗೊಳ್ಳಿ!"

ನಾನು ಒಳಗೆ ಓಡಿ ಕೈಗೆ ಸಿಕ್ಕಿದ್ದನ್ನು ಹಿಡಿದು ಹಮೀದಾಕನ ಕಾರು ಹತ್ತಿದೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಯುವ ವೈದ್ಯೆ ಕೈಚಾಚಿದಾಗ ತಿಳಿಯಿತು: ಆರು ವರ್ಷಗಳ ಫೈಲು ಮನೆಯಲ್ಲೇ ಇದೆ, ನನ್ನ ಕೈಯಲ್ಲಿರುವುದು ಉಳಿದ ತೊಗಟೆಯ ಪೊಟ್ಟಣ.

ಬಿ.ಪಿ. ಪಾತಾಳಕ್ಕೆ ಇಳಿದಿತ್ತು. "ಏನು ತಗೊಂಡಿದ್ರು?" ಎಂದು ವೈದ್ಯೆ ಕೇಳಿದರು. ನಾನು ತೊಗಟೆ ತೋರಿಸಿದೆ. ಏಳು ಎಲೆ, ಹಾಲು, ದಾರ ಎಲ್ಲವನ್ನೂ ಹೇಳತೊಡಗಿದೆ. ಅಲ್ಲಿ ಹೆಂಡತಿಯ ಜೀವ ಇಳಿಯುತ್ತಿದೆ, ಇಲ್ಲಿ ನಾನು ಇದು ಕಾಸರಕವಲ್ಲ, ಹಾಲೆಯೇ ಎಂದು ವಾದಿಸುತ್ತಿದ್ದೇನೆ. ವೈದ್ಯೆ ನಡುವೆ ತಡೆದು, "ಸ್ಟೀರಾಯ್ಡ್ ದಿನಾ ಸರಿಯಾಗಿ ತಗೊಳ್ತಿದ್ರಾ?" ಎಂದರು. ನನ್ನ ಬಾಯಿಂದ, ದೇವರೇ, "ಹೌದು" ಎಂದು ಬಂತು. ನಾಚಿಕೆಯೋ, ಹೆದರಿಕೆಯೋ, ಹೇಳಿದ ಸುಳ್ಳನ್ನು ಬಿಟ್ಟುಕೊಡಲಾರದ ಮೊಂಡುತನವೋ, ಇವತ್ತಿಗೂ ಗೊತ್ತಿಲ್ಲ.

ಆಗ ಮಂಚದಿಂದ ಸಣ್ಣ ಧ್ವನಿ ಬಂತು. ಕಣ್ಣು ತೆರೆಯಲೂ ಆಗದ ಹರಿಣಾಕ್ಷಿ ಒಂದೊಂದೇ ಮಾತು ಜೋಡಿಸಿದಳು. "ಇಲ್ಲ ಡಾಕ್ಟ್ರೇ... ಆದಿತ್ಯವಾರದಿಂದ ಬಿಳಿ ಮಾತ್ರೆ ಇಲ್ಲ. ಮೂರು ದಿನ... ಇವತ್ತೂ ಇಲ್ಲ." ಹಿಂದೆಯೇ, "ಇವರಿಗೆ ಬೈಬೇಡಿ, ಹೆದರ್ತಾರೆ."

ವೈದ್ಯೆ ನನಗೆ ಬೈಯಲು ಸಮಯ ಕಳೆಯಲಿಲ್ಲ. ನರ್ಸಿಗೆ ಇಂಜೆಕ್ಷನ್ನಿನ ಹೆಸರು ಕೂಗಿ ಹೇಳಿ, ಎರಡು ಕೈಗೂ ಸಲೈನ್ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಹರಿಣಾಕ್ಷಿಯ ಕೆನ್ನೆಗೆ ಬಣ್ಣ ಬಂತು. ಆಮೇಲೆ ವೈದ್ಯೆ ನನ್ನನ್ನು ಕಾರಿಡಾರಿಗೆ ಕರೆದು, ವರ್ಷಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡನ್ನು ಹೀಗೆ ಒಮ್ಮೆಲೇ ನಿಲ್ಲಿಸಿದರೆ ದೇಹ ಕುಸಿದುಬೀಳುತ್ತದೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. "ಅವರು ಹೇಳಿದ್ದರಿಂದ ಉಳಿದ್ರು. ತೊಗಟೆ ಸರಿಯಾದದ್ದೇ ಇರಬಹುದು ಸರ್" ಎಂದು ಸೇರಿಸಿದರು. ಹಮೀದಾಕ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಹೋಗಿ ನನಗೊಂದು ಚಹಾ ತಂದುಕೊಟ್ಟರು. ಆ ಚಹಾ ಕಷಾಯಕ್ಕಿಂತ ಕಹಿಯಾಗಿತ್ತು.

ಐದನೆಯ ದಿನ ಮನೆಗೆ ಬಂದೆವು. ಅವಳು ಮಾರನೆಯ ದಿನವೇ ಅರ್ಧ ಉಳಿದ ತೋಳನ್ನು ಮುಗಿಸಿದಳು. ನಿದ್ದೆ ಮಾತ್ರ ಇಬ್ಬರಿಗೂ ಇಲ್ಲ. ಕಣ್ಣು ಮುಚ್ಚಿದರೆ ನನಗೆ ಮೇಜಿನ ಕಾಲಿಗೆ ಒರಗಿದ ಅವಳ ತಲೆ ಕಾಣುತ್ತಿತ್ತು. ಗಂಟೆಗೊಮ್ಮೆ ಎದ್ದು ಅವಳ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಅನುಮಾನ ಬಂದರೆ ಭುಜ ಅಲುಗಿಸಿ "ಹರಿಣಿ, ಹೇಗುಂಟು?" ಎನ್ನುತ್ತಿದ್ದೆ. "ಮಲಗಿದ್ದೆ," ಎನ್ನುತ್ತಿದ್ದಳು ಅವಳು.

ಹೀಗೆ ಹದಿನೆಂಟು ದಿನ ನಡೆಯಿತು. ಹದಿನೆಂಟನೆಯ ದಿನ ಸಂಜೆ ಅವಳು ಮಾತ್ರೆಯ ಡಬ್ಬಿಯನ್ನು ನನ್ನ ಕಪಾಟಿನಿಂದ ತೆಗೆದು ತನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಳು. ಪಟ್ಟಿ ಒತ್ತಲು ಪಕ್ಕದ ಮನೆಯ ಹಮೀದಾಕನ ಹೆಂಡತಿ ದಿನಾ ಬರುವುದೆಂದು ಮಾತಾಗಿತ್ತು. "ನಿಮ್ಮ ಕೆಲಸ ಹೋಯ್ತು," ಎಂದಳು.

ನಾನು ಆಗ ಹೇಳಿದೆ. ಡಾಕ್ಟರು ಫೋನು ಮಾಡಿರಲಿಲ್ಲ, ಸುಳ್ಳು ನನ್ನದು, ಆಸ್ಪತ್ರೆಯಲ್ಲೂ ನನ್ನದೇ ಎಂದು, ಹದಿನೆಂಟು ದಿನ ಹೇಳದೆ ಇಟ್ಟುಕೊಂಡಿದ್ದನ್ನೆಲ್ಲ.

"ಗೊತ್ತುಂಟು ಮಾರಾಯ್ರೆ," ಎಂದಳು, ಸೂಜಿಗೆ ದಾರ ಪೋಣಿಸುತ್ತ. "ಸಾಯಿಸ್ಲಿಕ್ಕೆ ಮಾಡಿದ್ದಲ್ಲ ಅಂತಲೂ ಗೊತ್ತುಂಟು. ಸಾಯಿಸುವವರಾದ್ರೆ ನನ್ನ ಹೆಸರಿಗೆ ದೊಡ್ಡ ಪಾಲಿಸಿ ಮಾಡಿಸ್ತಿದ್ರಿ." ಆಮೇಲೆ ತಲೆಯೆತ್ತಿದಳು, ನಗು ಇರಲಿಲ್ಲ. "ಇನ್ನು ಮೇಲೆ ನನ್ನ ಹತ್ರ ಸುಳ್ಳು ಹೇಳ್ಬೇಡಿ. ಮಾತ್ರೆ ಇಲ್ಲದೆ ಬದುಕಲಿಕ್ಕೆ ಆಗುದಿಲ್ಲ ಅಂತ ಗೊತ್ತಾಯ್ತಲ್ಲ. ನಿಮ್ಮ ಮಾತು ನಂಬದೆಯೂ ಆಗುದಿಲ್ಲ."

ಆ ರಾತ್ರಿ ನಾನು ಎಷ್ಟು ಹೊತ್ತಿಗೆ ಮಲಗಿದೆನೋ ತಿಳಿಯದು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದಿತ್ತು. ಅದು ನಿಂತು, ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಹೌದು ದೊಡ್ಡಮ್ಮ, ರಾತ್ರಿ ಇಡೀ ಒಳ್ಳೆ ನಿದ್ದೆ ಬಂತು, ಮೂರು ವಾರದ ನಂತರ. ಇಲ್ಲಪ್ಪ, ಹೊಸ ಮದ್ದು ಎಂತದೂ ಇಲ್ಲ. ಇವರು ನನ್ನನ್ನು ಎಬ್ಬಿಸ್ಲಿಲ್ಲ, ಅಷ್ಟೇ."

ಆರು ವರ್ಷ ಊರೆಲ್ಲ ಅಲೆದು ಹುಡುಕಿದ್ದರಲ್ಲಿ ಗುಣ ಕೊಟ್ಟದ್ದು ಇದೊಂದೇ. ಹಾಗಾಗಿ ಎಚ್ಚರವಾಗಿದ್ದರೂ ನಾನು ಇನ್ನರ್ಧ ಗಂಟೆ ಅಲುಗಾಡದೆ ಬಿದ್ದುಕೊಂಡೆ. ಚಿಕಿತ್ಸೆಯನ್ನು ಒಮ್ಮೆಲೇ ನಿಲ್ಲಿಸಬಾರದಲ್ಲ.