ಒಂದು ಸೆಂಟಿಮೀಟರ್

ಎಲ್ಲಾ ಫಜೀತಿಗೂ ಕಾರಣ ದರ್ಜಿ ನೀಲಪ್ಪನ ಸಲಹೆ.

ಯಲವಿಗಿಯ ಗಿರಿಯಪ್ಪನ ಮಗಳು ವಿದ್ಯಾಶ್ರೀಗೆ ಹದಿಮೂರು ವರ್ಷ. ಅವಳ ಕೈಗೆ ಹಾಕಿ ಸ್ಟಿಕ್ ಬಂದರೆ ಸಾಕು, ಚೆಂಡು ಸಾಕಿದ ನಾಯಿಮರಿಯಂತೆ ಹಿಂದೆ ಓಡುತ್ತಿತ್ತು. ಮರುದಿನ ಶಿಗ್ಗಾವಿಯಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ. ಎತ್ತರ ನೂರೈವತ್ತು ಸೆಂಟಿಮೀಟರ್ ಇರಲೇಬೇಕು. ಸಂಜೆ ಶಾಲೆಯಲ್ಲಿ ಅಳೆದಾಗ ಒಂದು ಕಡಿಮೆ ಬಂತು. ಗಿರಿಯಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ.

“ಚಿಂತಿ ಬಿಡೋ,” ಎಂದ ಪಕ್ಕದ ಮನೆಯ ನೀಲಪ್ಪ. “ಮೂವತ್ತು ವರ್ಷ ಮಂದಿ ಅಳತಿ ತಗದೇನಿ. ಮುಂಜಾನೆ ಇದ್ದ ಮನಷ್ಯಾ ಸಂಜಿಗೆ ಬೆರಳಷ್ಟು ಕುಗ್ಗತಾನ. ಹುಡುಗಿನ್ನ ನಿಲ್ಲಸಬ್ಯಾಡ, ಕುಂದ್ರಸಬ್ಯಾಡ. ಮಲಗಿಸಿಕೊಂಡ ಒಯ್ದು ಅಳಸು!”

ಬೆಳಗಾಗುತ್ತಲೇ ಹಾಸಿಗೆ ಸಮೇತ ವಿದ್ಯಾಶ್ರೀ ಮುಬಶೀರನ ಗೂಡ್ಸ್ ಗಾಡಿ ಏರಿದಳು. ಬಿಸಿಲು ಬೀಳದಂತೆ ಮುಖದ ತುಂಬ ಚಾದರ.

ಸವಣೂರಿನಲ್ಲಿ ಡೀಸೆಲ್ಲಿಗೆ ನಿಂತಿದ್ದೇ ತಪ್ಪಾಯಿತು. ಹೂ ಮಾರುವ ಮಂಜವ್ವ ಇಣುಕಿ ನೋಡಿ ಎದೆ ಬಡಿದುಕೊಂಡಳು. “ಅಯ್ಯ ನನ್ನವ್ವ! ಎಂಥಾ ಎಳೀ ಜೀವ!” ಎಂದವಳೇ ಚಾದರದ ಮೇಲೊಂದು ಸೇವಂತಿ ಮಾಲೆ ಹಾಕಿದಳು. ಜನ ಕೂಡಿತು. ಒಬ್ಬರು ಗಿರಿಯಪ್ಪನ ಹೆಗಲು ಸವರಿದರು.

“ಅಜ್ಜಿ, ನಾ ಹಾಕಿ ಆಡಾಕ ಹೊಂಟೇನಿ,” ಎಂದಿತು ಚಾದರ.

ಮಂಜವ್ವ ಮೂರು ಮಾರು ಹಾರಿದಳು. ಮುಬಶೀರ ಗಾಡಿ ಬಿಟ್ಟ.

ಮೈದಾನದ ಗೇಟಿನೊಳಗೆ ಗಾಡಿ ಬಿಡಲಿಲ್ಲ. ಗಿರಿಯಪ್ಪ ಮಗಳನ್ನು ಎರಡೂ ತೋಳಿನ ಮೇಲೆ ಅಡ್ಡ ಹೊತ್ತು ಅಷ್ಟೂ ದೂರ ನಡೆದ. “ಅಪ್ಪ, ಇಳಸ, ನಿನ್ನ ನಡ ಮುರೀತೈತಿ.” “ಸುಮ್ಕಿರವ್ವ, ಮಾತಾಡಿದ್ರ ಕುಗ್ಗತಿ!”

ಅಳೆದರು. ನೂರೈವತ್ತು! ಗಿರಿಯಪ್ಪನ ಕಣ್ಣು ತುಂಬಿದವು. ಆಮೇಲೆ ಆಟದಲ್ಲಿ ಹುಡುಗಿ ತೆಂಗಿನ ಮರದಂಥ ಎದುರಾಳಿಯ ಕಾಲ ಸಂದಿಯಿಂದಲೇ ಚೆಂಡು ದಾಟಿಸಿ ಎರಡು ಗೋಲು ಹೊಡೆದಳು.

“ಆಟ ಭಾಳ ಚಲೋ ಐತ್ರಿ,” ಎಂದರು ಕೋಚ್ ಸುಹಾನಾ ಮೇಡಂ. “ಆದ್ರ ಇವತ್ತಿನ ಎತ್ತರ ಅಷ್ಟ ನೋಡಿದ್ರ ಸಾಲೂದಿಲ್ಲ. ಮುಂದ ಎಷ್ಟು ಬೆಳೀತಾಳ ಅಂತ ತಂದಿ-ತಾಯಿ ಅಳತೀನೂ ನೋಡತೇವಿ. ಬರ್ರಿ, ಇಲ್ಲೆ ನಿಂದರ್ರಿ.”

ಮಗಳನ್ನು ಹೊತ್ತು ಕುಡುಗೋಲಿನಂತೆ ಬಾಗಿದ್ದ ಗಿರಿಯಪ್ಪ ಗೋಡೆಗೆ ಆತು ನಿಂತ. “ಅಪ್ಪ, ಉಸರ ಹಿಡಿ,” ಎಂದು ಮಗಳು ಪಿಸುಗುಟ್ಟಿದಳು. ಅಳತೆಯ ಪಟ್ಟಿ ಇಳಿಯಿತು, ಇನ್ನೂ ಇಳಿಯಿತು. ಮೇಡಂ ಪೆನ್ನಿನ ಟೋಪಿ ಮುಚ್ಚಿದರು.

“ನಮ್ಮವ್ವ ಅಪ್ಪನಕಿಂತ ಒಂದು ಗೇಣು ಎತ್ತರ ಅದಾಳ್ರಿ ಮೇಡಂ!” ಎಂದು ವಿದ್ಯಾಶ್ರೀ ಕೂಗಿಬಿಟ್ಟಳು. ಮದುವೆಯ ಫೋಟೋದಲ್ಲಿ ಇಟ್ಟಂಗಿ ಮೇಲೆ ನಿಂತು ಗಿರಿಯಪ್ಪ ಮುಚ್ಚಿಟ್ಟಿದ್ದ ಗುಟ್ಟದು.

“ಹಂಗಾರ ನಾಳೆ ಹತ್ತಕ್ಕ ಅವರನ್ನ ಕರಕೊಂಡು ಬರ್ರಿ. ನೋಡೋಣು.”

ಗಿರಿಯಪ್ಪ ನಡ ಹಿಡಿದುಕೊಂಡು ಹೆಂಡತಿಗೆ ಫೋನು ಹಚ್ಚಿದ. “ಏ ಯಂಕವ್ವಾ, ನಾಳೆ ಮುಂಜಾನೆ ನೀ ಹಾಸಿಗಿ ಬಿಟ್ಟು ಏಳಬ್ಯಾಡ. ಕೊಡ ಹೊರಬ್ಯಾಡ, ಕಸ ಹೊಡೀಬ್ಯಾಡ. ಸುಮ್ಮ ಮಲಕೋ. ಮಗಳ ಬಾಳೇ ಪ್ರಶ್ನಿ ಐತಿ.”

ಆ ಕಡೆಯಿಂದ ಯಂಕವ್ವನ ದನಿ ಜೇನಿನಂತೆ ಬಂತು:

“ಆತ್ರಿ, ಏಳೂದಿಲ್ಲ. ಲಗ್ನಾಗಿ ಹದಿನೆಂಟು ವರ್ಷ ಆತು, ಈ ಮಾತ ಇವತ್ತರ ಅಂದ್ರೆಲ್ಲ. ಜ್ವಾಳದ ಹಿಟ್ಟು ಡಬ್ಬ್ಯಾಗ ಐತಿ. ಎಮ್ಮಿ ಐದಕ್ಕ ಹಿಂಡ್ರಿ. ನನ್ನ ಬಿಟ್ರ ಯಾರನ್ನೂ ಹತ್ರ ಬಿಡೂದಿಲ್ಲ ಅದು. ನನ್ನ ಸೀರಿ ಉಟಗೊಂಡ ಹೋಗ್ರಿ. ಮತ್ತ, ನೆರಿಗಿ ಮ್ಯಾಲ ಎತ್ತಿ ಸಿಗಸ್ರಿ. ನಿಮಗ ಉದ್ದ ಆಗತೈತಿ.”